ಹುಳಿಪುಡಿಯೂ ದೇಶದ ಭದ್ರತೆಯೂ

ಇಂಗ್ಲಿಷರ ನಾಡಿನ ಹಾರ್ಬೋರ್ನ್‌ನ ನೀರಜಾಳ ಹೊಟ್ಟೆಯಲ್ಲಿ ಗುಟ್ಟು ನಿಂತದ್ದನ್ನು ಕಂಡವರಿಲ್ಲ. ಶುಕ್ರವಾರ ಅವಳ ಕಿವಿಗೆ ಬಿದ್ದದ್ದು ಭಾನುವಾರ ಟಿವಿಡೇಲ್ ಬಾಲಾಜಿ ಗುಡಿಯ ಊಟದ ಸಾಲನ್ನೆಲ್ಲ ಮುಟ್ಟುತ್ತಿತ್ತು. ಅಂಥವಳನ್ನು 2014ರಲ್ಲಿ ಪೊಲೀಸರು ಕನ್ನಡ ದುಭಾಷಿಯಾಗಿ ಆರಿಸಿಕೊಂಡರು! ಕೇಳಿದ್ದನ್ನೂ, ಈ ಕೆಲಸ ಮಾಡುವುದನ್ನೂ ಹೊರಗೆ ಬಾಯಿಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡರು. ಗಂಡ ಡಾಕ್ಟರ್ ಜಗದೀಶ ನಕ್ಕು ನಕ್ಕು ಕೆಮ್ಮಿದ.

"ನಗಿ, ನಗಿ. ಬಾಯಿ ಮುಚ್ಕೊಂಡಿದ್ದು ತೋರಿಸ್ತೀನಿ," ಎಂದಳು ನೀರಜಾ.

ಇಲ್ಲಿನ ಕನ್ನಡಿಗರು ತಪ್ಪು ಮಾಡುವುದಿಲ್ಲವೋ, ಮಾಡಿದರೂ ಇಂಗ್ಲಿಷಿನಲ್ಲೇ ಮಾಡುತ್ತಾರೋ, ವರ್ಷವಾದರೂ ಕರೆ ಬರಲಿಲ್ಲ. ಕೊನೆಗೊಂದು ದಿನ ಬಂತು. ರೈಲು ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಚೀಲದಲ್ಲಿ ಹೆಸರಿಲ್ಲದ ಕೆಂಪು ಪುಡಿಯ ಪೊಟ್ಟಣಗಳು ಸಿಕ್ಕಿದ್ದವು. ಚೀಲ ಹುಡುಕಿಕೊಂಡು ಬಂದ ಹೆಂಗಸು ಅಡುಗೆಯದು ಎಂದಳಂತೆ, ಫೋನನ್ನೂ ತೆರೆದು ಕೊಟ್ಟಳಂತೆ. ಅದರಲ್ಲಿದ್ದ ಧ್ವನಿ ಸಂದೇಶಗಳು ಮಾತ್ರ ಯಾರಿಗೂ ಅರ್ಥವಾಗಿರಲಿಲ್ಲ.

"ದೇಶದ ಭದ್ರತೆ ಕಾಯುವುದು ಕಾನೂನು ನಮ್ಮ ಮೇಲೆ ಹೊರಿಸಿದ ಕೆಲಸ. ನಗು ಬಂದರೂ ಪರೀಕ್ಷಿಸಲೇಬೇಕು," ಎಂದು ಅಧಿಕಾರಿ ಫೋನ್ ಒತ್ತಿದ.

"ಅಕ್ಕಾ, ಪುಡಿ ತಗೊಂಡು ಮ್ಯಾಂಚೆಸ್ಟರ್‌ಗೆ ಬರ್ತಿದೀನಿ. ಒಂದೇ ಚಮಚ ಹಾಕು. ಜಾಸ್ತಿ ಆದ್ರೆ ಮನೆಮಂದಿಯೆಲ್ಲ ಹೋದ್ರು ಅನ್ಕೋ!"

ನೀರಜಾ ಗುರುತು ಹಿಡಿದಳು. ಅದು ಪಕ್ಕದ ಬೀದಿಯ ಅಂಬುಜಾಳ ಧ್ವನಿ. ಇವಳು ನನ್ನ ಗೆಳತಿ ಎಂದು ತಕ್ಷಣ ಹೇಳಿಬಿಟ್ಟಳು. ಪರಿಚಯದವರ ಮಾತಿಗೆ ಬೇರೆ ದುಭಾಷಿ ಬೇಕು, ಆದರೆ ಇನ್ನೊಬ್ಬ ದುಭಾಷಿ ಸ್ಕಾಟ್ಲೆಂಡಿನಿಂದ ಬರುವುದು ಸೋಮವಾರ. ಅಲ್ಲಿಯವರೆಗೆ ಅಂಬುಜಾ ಠಾಣೆಯಲ್ಲೇ ಇರಬೇಕಾದೀತು. ಅಧಿಕಾರಿ ಯೋಚಿಸಿ, "ಒಂದು ಮಾತೂ ಬಿಡದೆ ಹೇಳುವುದಾದರೆ ಮುಂದುವರಿಸಿ," ಎಂದ. ಅದು ಹುಳಿಪುಡಿ, 'ಹೋದ್ರು' ಎಂದರೆ ಖಾರಕ್ಕೆ ಹೊಟ್ಟೆ ಉರಿದೀತು ಅಷ್ಟೇ ಎಂದು ನೀರಜಾ ವಿವರಿಸಿದಳು.

ಎರಡನೆಯ ಸಂದೇಶ: "ಆ ನೀರಜಾ ಮಾಡೋ ಬಿಸಿಬೇಳೆಬಾತಲ್ಲಿ ಗೋಡೆಗೆ ಕಾಗದ ಅಂಟಿಸ್ಬಹುದು ಕಣೆ!"

ಒಂದು ಮಾತೂ ಬಿಡುವಂತಿಲ್ಲ. ನೀರಜಾ ಹಲ್ಲು ಕಚ್ಚಿ ಅದನ್ನೂ ಇಂಗ್ಲಿಷಿಗೆ ತಂದಳು.

"ನೀರಜಾ ಯಾರು?"

"ನಾನೇ."

ಅಧಿಕಾರಿ ನಗದೆ ಬರೆದುಕೊಂಡ. ಜೊತೆಗಿದ್ದ ಪೊಲೀಸ್ ಹುಡುಗಿ ಗೋಡೆಯ ಕಡೆ ತಿರುಗಿ ನಿಂತಳು.

ಮೂರನೆಯದು: "ಆದ್ರೂ ಅಕ್ಕಾ, ಆಪರೇಷನ್ ಆಗಿ ಮಲಗಿದ್ದಾಗ ದಿನಾ ಬಂದು ನನ್ನ ತಲೆ ಬಾಚಿದೋಳು ಅವ್ಳೊಬ್ಳೇ. ಅವ್ಳಿಲ್ದೆ ಈ ಊರಲ್ಲಿ ನಂಗ್ಯಾರಿದಾರೆ? ಎದುರಿಗೆ ಹೇಳೋಕೆ ಮಾತ್ರ ಬಾಯೇ ಬರಲ್ಲ."

ಇದನ್ನೂ ನೀರಜಾ ಒಂದು ಮಾತೂ ಬಿಡದೆ ಹೇಳಿದಳು. ಸಂಜೆಯೊಳಗೆ ಅಂಬುಜಾಳನ್ನು ಮನೆಗೆ ಕಳಿಸಿದರು.

ಭಾನುವಾರ ಗುಡಿಯ ಊಟದಲ್ಲಿ ಅಂಬುಜಾಳದೇ ಭಾಷಣ. "ಯಾರೋ ದುಭಾಷಿ ಬಂದು ಬಿಡಿಸಿದ್ಲಂತೆ, ಪುಣ್ಯಾತ್ಗಿತ್ತಿ! ಏ ನೀರಜಾ, ಯಾರೇ ಅವ್ಳು?"

ಸಾಲೆಲ್ಲ ಅವಳತ್ತ ತಿರುಗಿತು. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಂಬುಜಾಳ ಜಡೆ ಹಿಡಿದು ಎಳೆಯಬೇಕು ಅನ್ನಿಸಿತು, ತಬ್ಬಿಕೊಂಡು ಅಳಬೇಕು ಅನ್ನಿಸಿತು. ಎರಡಕ್ಕೂ ಕಾನೂನು ಅಡ್ಡ.

"ನಂಗ್ಗೊತ್ತಿಲ್ಲ," ಎಂದಳು.

"ಅಬ್ಬಾ! ನಿಂಗೂ ಗೊತ್ತಿಲ್ದಿರೋ ವಿಷ್ಯ ಒಂದಿದೆ ಅಂತಾಯ್ತಲ್ಲೇ!" ಎಂದು ಅಂಬುಜಾ ನಕ್ಕು, ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಸುರಿದಳು.