ಮುನಿವೆಂಕಟಮ್ಮನ ಒಂದು ನಿಮಿಷ

ಬಿಳೇಕಹಳ್ಳಿಯ ಮುನಿವೆಂಕಟಮ್ಮನಿಗೆ ಅರವತ್ತೆಂಟು ವರ್ಷ. ಮೂರಂತಸ್ತಿನ ಮನೆಯ ಒಡತಿ. ಕಾಫಿಗೆ ಸಕ್ಕರೆ ಎಷ್ಟು ಎಂದು ಯಾರನ್ನೂ ಕೇಳದೆ ಮೂರು ಚಮಚ ಸುರಿಯುವ ಹೆಂಗಸು. ಅಂಥವಳು ದಿನಾ ಮಧ್ಯಾಹ್ನ ಉಂಡು, ಎಲೆ ಅಡಿಕೆ ಹಾಕಿಕೊಂಡು, ವಿಡಿಯೋ ಗೇಮ್ ಆಡಲು ಮಹಡಿ ಹತ್ತುತ್ತಾಳೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ನಷ್ಟ ನಿಮಗೇ.

ಮಹಡಿಯಲ್ಲಿ ಬಾಡಿಗೆಗಿದ್ದ ಚಿದಾನಂದ್ ಮತ್ತು ಅವನ ತಂಗಿ ಧೃತಿ ಇಬ್ಬರೇ ಸೇರಿ ಆ ಗೇಮ್ ಕಟ್ಟುತ್ತಿದ್ದರು. ಹೆಸರು 'ಬತ್ತಿ'. ಒಬ್ಬ ಪುಟ್ಟ ಹುಡುಗಿ ಕೈಯಲ್ಲಿ ದೀಪ ಹಿಡಿದು, ಕತ್ತಲ ಊರನ್ನು ದಾಟಿ ಅವ್ವನ ಮನೆ ಸೇರಬೇಕು. ದೀಪ ಉರಿಯುವುದು ಸರಿಯಾಗಿ ಒಂದು ನಿಮಿಷ. ಆರಿತೋ, ಮತ್ತೆ ಮೊದಲಿನಿಂದ ಶುರು. ದಾರಿಯಲ್ಲಿ ಸಿಕ್ಕಿದ ಕುಡುಗೋಲು, ಬೀಗದ ಕೈ ಮಾತ್ರ ಹುಡುಗಿಯ ಬಳಿಯೇ ಉಳಿಯುತ್ತವೆ.

ನೀರಿನ ಮೋಟಾರ್ ಆಫ್ ಮಾಡಿಲ್ಲವೆಂದು ಬೈಯಲು ಹೋದ ಮುನಿವೆಂಕಟಮ್ಮ ಪರದೆಯ ಮೇಲಿನ ಆ ಹುಡುಗಿಯನ್ನು ಕಂಡಳು, ಬೈಯುವುದನ್ನು ಮರೆತಳು. "ಒಬ್ಳೇ ಎಲ್ಗೋಯ್ತಾವ್ಳೆ ಈ ಕೂಸು? ಕೊಡಿಲ್ಲಿ," ಎಂದು ಧೃತಿಯ ಕೈಯಿಂದ ಜಾಯ್‌ಸ್ಟಿಕ್ ಕಿತ್ತುಕೊಂಡಳು. ಮೊದಲ ದಿನ ಹುಡುಗಿ ಗೋಡೆಗೆ ಮುಖ ಮಾಡಿ ನಿಂತೇ ದೀಪ ಆರಿತು. ಮೂರನೇ ವಾರಕ್ಕೆ ಮುನಿವೆಂಕಟಮ್ಮ ಕೆರೆಯ ಭೂತವನ್ನು ಕುಡುಗೋಲಿನಿಂದ ಸೊಪ್ಪು ಕೊಯ್ದಂತೆ ಕೊಯ್ದು ಹಾಕಿದ್ದಳು. ಕಲಿಯುವ ಹಟ ಎಂದರೆ ಅದು.

ಆದರೆ ಕೊನೆಯ ಘಟ್ಟದಲ್ಲಿ ಆಟ ನಿಂತುಬಿಟ್ಟಿತು. ಅವ್ವನ ಮನೆಯ ಬಾಗಿಲು ಕಣ್ಣಿಗೆ ಕಾಣುತ್ತದೆ, ನಾಲ್ಕು ಹೆಜ್ಜೆ ಇರುವಾಗ ದೀಪ ಆರುತ್ತದೆ. ಪ್ರತಿ ಸಲವೂ ಅಷ್ಟೇ. ಗೇಮನ್ನು ಆಡಿ ನೋಡಲು ಬಂದ ಹುಡುಗರೆಲ್ಲ ದಾಟಿ ಹೋಗಿದ್ದರು. ಈಕೆಗೆ ಮಾತ್ರ ಯಾಕೆ ಹೀಗೆ ಎಂದು ಧೃತಿ ಒಂದು ಶನಿವಾರ ಹಿಂದೆ ನಿಂತು ನೋಡಿದಳು. ನಡುದಾರಿಯಲ್ಲಿ ಒಂದು ಗುಡಿ. ಅದನ್ನು ಎಡಗೈಗೆ ಬಿಟ್ಟು ಹೋದರೆ ದಾರಿ ಹತ್ತಿರ. ಮುನಿವೆಂಕಟಮ್ಮ ಮಾತ್ರ ಗುಡಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆಯ ಹಾಗೆ ಸುತ್ತಿಕೊಂಡೇ ಬರುತ್ತಿದ್ದಳು.

"ಅಜ್ಜಿ, ಈ ಕಡೆಯಿಂದ ಹೋಗಿ. ನಾಲ್ಕು ಸೆಕೆಂಡ್ ಉಳಿಯತ್ತೆ."

"ದೇವ್ರನ್ನ ಎಡಕ್ಕೆ ಬಿಟ್ಟು ಹೋಗಾಕಾಯ್ತದಾ?"

"ಅಯ್ಯೋ, ಅದು ಬರೀ ಆಟ ಅಜ್ಜಿ!"

"ಆಟ ನಿಂಗೆ. ದೇವ್ರಿಗೆ ಗೊತ್ತಾ ಅದು ಆಟ ಅಂತ?"

ಚಿದಾನಂದ್ ನಕ್ಕು, "ಬಿಡಿ ಅಜ್ಜಿ. ನಾಳೆ ಜಯನಗರದಲ್ಲಿ ಗೇಮ್ ಶೋ ಇದೆ, ಇವತ್ತು ಸಂಜೆಗೆ ಇದನ್ನ ಫೈನಲ್ ಮಾಡ್ತೀವಿ. ಎಲ್ರಿಗೂ ಅರವತ್ತೈದು ಸೆಕೆಂಡ್ ಮಾಡ್ಬಿಡ್ತೀನಿ. ನೀವೂ ಮನೆ ಸೇರ್ತೀರ," ಎಂದ.

ಮುನಿವೆಂಕಟಮ್ಮನ ಮುಖ ಬಿಗಿಯಿತು. "ನಂಗ್ಯಾರಪ್ಪ ಜಾಸ್ತಿ ಟೈಮ್ ಕೊಟ್ಟಿದ್ರು?" ಎಂದಳು. ಆಮೇಲೆ, ಯಾರೂ ಕೇಳದೆಯೇ, ಹೇಳಿದಳು.

ಆಗ ಆಕೆಗೆ ಹದಿನಾಲ್ಕು. ಈ ಮನೆ ನಿಂತ ಜಾಗದಲ್ಲೇ ಕನಕಾಂಬರದ ತೋಟವಿತ್ತು. ಬೆಳಗಿನ ಜಾವ ಹೂವಿನ ಬುಟ್ಟಿ ಹೊತ್ತು ಬಸ್ಸಿಗೆ ನಡೆಯುವುದು, ಮಾರ್ಕೆಟ್ಟಿನಲ್ಲಿ ಮಾರಿ ವಾಪಸು ಬರುವುದು ಅವಳ ಕೆಲಸ. ಅವ್ವ ಜ್ವರದಲ್ಲಿ ಮಲಗಿದ್ದ ದಿನವೂ, "ಹೂವು ಬಾಡಿ ಹೋಯ್ತದೆ, ಹೋಗಿ ಬೇಗ ಬಾ" ಎಂದು ಅವ್ವನೇ ಕಳಿಸಿದಳು. ಬರುವಾಗ ಒಂದು ನಿಮಿಷಕ್ಕೆ ಬಸ್ಸು ತಪ್ಪಿತು. ಮುಂದಿನ ಬಸ್ಸು ಬಂದದ್ದು ಒಂದೂವರೆ ಗಂಟೆ ಕಳೆದ ಮೇಲೆ. ಮನೆ ಸೇರುವಷ್ಟರಲ್ಲಿ ಅವ್ವನನ್ನು ಅಂಗಳದಲ್ಲಿ ಮಲಗಿಸಿದ್ದರು. "ಈಗ ತಾನೆ ಕಣೆ," ಎಂದಿದ್ದಳು ಪಕ್ಕದ ಮನೆಯಾಕೆ. "ಮುನಿ ಬಂದ್ಲಾ, ಮುನಿ ಬಂದ್ಲಾ ಅಂತಾನೇ ಇದ್ಲು."

ಇದನ್ನು ಕೇಳಿದ ಮೇಲೆ ಅರವತ್ತೈದರ ಮಾತನ್ನು ಯಾರು ಎತ್ತುತ್ತಾರೆ? ಸಂಜೆಯವರೆಗೆ ಆಡಲಿ ಎಂದು ಅಣ್ಣತಂಗಿ ಅರವತ್ತನ್ನೇ ಉಳಿಸಿಕೊಂಡರು.

ಎಂಟು ಸಲ ದೀಪ ಆರಿತು. ಒಂಬತ್ತನೇ ಸಲ ಮುನಿವೆಂಕಟಮ್ಮ ಗುಡಿಯನ್ನು ಸುತ್ತಿ ಕೊನೆಯ ಬೀದಿಗೆ ಬಂದಳು. ಅಲ್ಲಿ ಮೂರು ನಾಯಿಗಳು. ಎಲ್ಲರೂ ಇಲ್ಲಿ ಕುಡುಗೋಲು ಬೀಸಿ ಹೊಡೆದಾಡುತ್ತಾರೆ; ಎಂಟು ಸೆಕೆಂಡಾದರೂ ಬೇಕು. ಈಕೆಯೂ ಇಷ್ಟು ದಿನ ಹಾಗೇ ಮಾಡಿದ್ದಳು. ಈ ಸಲ ಜಾಯ್‌ಸ್ಟಿಕ್ಕಿನ ಮೇಲಿನ ಹೆಬ್ಬೆರಳನ್ನು ಸಡಿಲ ಬಿಟ್ಟಳು. ಓಡುತ್ತಿದ್ದ ಹುಡುಗಿ ನಡೆಯತೊಡಗಿದಳು.

"ಓಡಿ ಅಜ್ಜಿ, ಟೈಮಿಲ್ಲ!" ಚಿದಾನಂದ್ ಕೂಗಿದ.

"ಸುಮ್ಕಿರ್ಲಾ. ಬುಟ್ಟಿ ಹೊತ್ತೋಳು ಓಡಿದ್ರೆ ನಾಯಿ ಅಟ್ಟಿಸ್ಕೊಂಡ್ ಬತ್ತದೆ. ನಡೆದ್ರೆ ನೋಡ್ಕೊಂಡು ಮಲಿಕ್ಕೊಳ್ತದೆ."

ಮೊದಲ ನಾಯಿ ತಲೆ ಎತ್ತಿತು, ಮಲಗಿತು. ಎರಡನೆಯದು ಕಿವಿ ನಿಮಿರಿಸಿ, ಮತ್ತೆ ಇಳಿಬಿಟ್ಟಿತು. ಮೂರನೆಯದು ಏಳಲೇ ಇಲ್ಲ. ಓಡುವ ಕಾಲಿಗೆ ಮಾತ್ರ ನಾಯಿಗಳು ಏಳಬೇಕೆಂದು ಧೃತಿಯೇ ಯಾವಾಗಲೋ ಗೇಮಿನ ಕೋಡಿನಲ್ಲಿ ಬರೆದಿಟ್ಟು ಮರೆತಿದ್ದಳು. ಗಡಿಯಾರ ಬೆನ್ನಟ್ಟುವಾಗ ನಿಧಾನವಾಗಿ ನಡೆಯುವ ಧೈರ್ಯ ಯಾರಿಗಿರುತ್ತದೆ? ಇಷ್ಟು ಜನ ಆಡಿದರೂ ಒಬ್ಬರಿಗೂ ಅದು ಗೊತ್ತಾಗಿರಲಿಲ್ಲ.

ನಾಯಿಗಳನ್ನು ದಾಟಿದ್ದೇ ಹೆಬ್ಬೆರಳು ಒತ್ತಿತು. ಹುಡುಗಿ ಓಡಿದಳು. ಬಾಗಿಲು ತೆರೆಯಿತು. ದೀಪದಲ್ಲಿ ಇನ್ನೂ ಎರಡು ಸೆಕೆಂಡ್ ಬಾಕಿ ಇತ್ತು. ಚಿದಾನಂದ್ ಕುರ್ಚಿಯಿಂದ ಎದ್ದು ಕುಣಿದ. ಧೃತಿ ಕುಣಿಯಲಿಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ಒಳಗೆ ಚಾಪೆಯ ಮೇಲೆ ಮಲಗಿದ್ದ ಹೆಂಗಸು ಎದ್ದು ಕೂತು, ಧೃತಿಯೇ ರೆಕಾರ್ಡ್ ಮಾಡಿಟ್ಟಿದ್ದ ದನಿಯಲ್ಲಿ ಕೇಳಿದಳು: "ಬಂದ್ಯಾ ಮಗಾ?"

ಮುನಿವೆಂಕಟಮ್ಮ ಜಾಯ್‌ಸ್ಟಿಕ್ಕನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಪರದೆಗೆ ಹೇಳಿದಳು: "ಬಂದೆ ಕಣವ್ವಾ. ಬಸ್ ಸಿಕ್ತು."