ಹೆಸರು ಕಳಕೊಂಡ ಟೈಪಿಂಗ್ ಕಾಕಾ

ಟೈಪಿಂಗ್ ಕಾಕಾನ ಬೆರಳ ತುದಿಗಳು ಕಾರ್ಬನ್ ಹಾಳೆಯಿಂದ ಸದಾ ನೀಲಿ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಚುರುಮುರಿ ತಿನ್ನುತ್ತಿದ್ದ. ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ ಬೆಳಗಾವಿಯ ಕಚೇರಿಯೊಂದರ ಎದುರು ಟೈಪಿಂಗ್ ಮಷಿನ್ ಇಟ್ಟುಕೊಂಡು ಕೂರುತ್ತಿದ್ದ. ನಾನು ಖಾನಾಪುರದಿಂದ ರೈಲಿನಲ್ಲಿ ಬಂದು ಅವನ ಹತ್ತಿರವೇ ಮಾರ್ಕ್ಸ್ ಕಾರ್ಡಿನ ನಕಲು ಮಾಡಿಸುತ್ತಿದ್ದೆ.

ಅವನ ಕಾಟ ಒಂದೆರಡಲ್ಲ. ಪ್ರತಿ ನಕಲಿನ ಮೇಲೂ ಅಡ್ಡಲಾಗಿ, ಯಾವ ಅರ್ಜಿಗೆ, ಯಾವ ತಾರೀಖು ಎಂದು ನನ್ನ ಕೈಯಿಂದಲೇ ಬರೆಸುತ್ತಿದ್ದ. "ದೇವರ ಬಂದು ಕೇಳಿದ್ರೂ ಅಸಲ ಕೊಡಬ್ಯಾಡ ಯವ್ವಾ, ನಕಲ ಕೊಡು," ಎನ್ನುತ್ತಿದ್ದ. ಒಮ್ಮೆ ನಾನು ರೇಗಿದೆ: "ನನ್ನ ಮಾರ್ಕ್ಸ್ ಯಾರ ಕದೀತಾರ ಕಾಕಾ? ಗಣಿತದಾಗ ಮೂವತ್ತೈದು!"

ಆಗ ಹೇಳಿದ. ಅವನು ಮೆಟ್ರಿಕ್ ಪಾಸಾದ ವರ್ಷ, ಅವನ ಊರು ಪಾರಿಶ್ವಾಡದಲ್ಲಿ ಪಕ್ಕದ ಮನೆಯವರು ಬಂದು, "ನಾವು ಹೆಂಗೂ ಬೆಳಗಾವಿಗೆ ಹೊಂಟೇವಿ, ನಿಮ್ಮ ಹುಡುಗನ ಹೆಸರೂ ನೌಕರಿ ಪಟ್ಟಿಗೆ ಹಚ್ಚಿ ಬರ್ತೇವಿ," ಎಂದು ಸರ್ಟಿಫಿಕೇಟು ಕೇಳಿದರು. ನೆರೆಯವರಿಗೆ ಇಲ್ಲ ಎನ್ನುವುದುಂಟೆ? ಕಾಕಾನ ಅಪ್ಪ ಕೊಟ್ಟರು. ರೈಲಿನಲ್ಲಿ ಕಳೆಯಿತು ಎಂದು ಅವರು ಕೈ ತೊಳೆದುಕೊಂಡರು. ಕಾಕಾ ಎರಡನೇ ಪ್ರತಿ ತರಿಸಿ ಅರ್ಜಿ ಹಾಕಿದರೆ, ಆ ಹೆಸರಿನವನು, ಅದೇ ಕಳೆದ ಸರ್ಟಿಫಿಕೇಟಿನ ಮೇಲೆ, ಆಗಲೇ ನೌಕರಿಯಲ್ಲಿದ್ದ. ನಪಾಸಾಗಿದ್ದ ಪಕ್ಕದ ಮನೆಯ ಮಗ! ಊರ ಹಿರಿಯರು ಬಂದು ಸಾಕ್ಷಿ ಹೇಳಿದರೂ ಸಾಹೇಬರು ಕೇಳಲಿಲ್ಲ. "ಮಾರಿ ನೋಡಿ ನೌಕರಿ ಕೊಡಂಗಿಲ್ರೀ, ಕಾಗದ ನೋಡಿ ಕೊಡ್ತೇವಿ. ನೀವಽ ಖೊಟ್ಟಿ ಅದೀರೋ ಏನೋ," ಎಂದರಂತೆ.

"ಹೋಗಿ ಅವನ ಕುತ್ತಿಗಿ ಹಿಡೀಬೇಕಿತ್ತು!" ಎಂದೆ, ಮೈಯೆಲ್ಲ ಉರಿದು.

"ಹೋಗಿದ್ನಿ. ಅವನ ಆಫೀಸಿನ ಬಾಗಲದಾಗ ಯಾರೋ ನನ್ನ ಹೆಸರ ಹಿಡಿದು ಕರದ್ರು. ಓ ಅಂದ್ನಿ. ಅವರು ಕರದದ್ದು ಅವನ್ನ. ಅವನ ಸೈಕಲ್ ಮ್ಯಾಲ ಎರಡು ಕೂಸು ಕುಂತಿದ್ವು. ಅವುಕ್ಕೂ ಅಪ್ಪನ ಹೆಸರಂತ ನನ್ನ ಹೆಸರಽ ಹತ್ತೇತಿ. ಕಿತ್ತುಕೊಂಡ್ರ ಅವು ಎಲ್ಲಿಗೆ ಹೋಗ್ಯಾವು? ವಾಪಸ್ ಬಂದ್ನಿ."

ಆ ದಿನದ ನಕಲಿನ ಮೇಲೆ, ಅವನು ಹೇಳುವ ಮೊದಲೇ, ಅರ್ಜಿ, ತಾರೀಖು ಬರೆದೆ. ಮುಂದೆ ನನಗೆ ನೌಕರಿ ಸಿಕ್ಕಾಗ ಸಿಹಿ ಅಂತ ಕುಂದಾ ಒಯ್ದು ಕೊಟ್ಟರೆ, ಬಾಯಿಗೆ ಹಾಕಿಕೊಳ್ಳುವ ಮೊದಲೇ ಕೇಳಿದ: "ಅಸಲ ಕಾಗದ ಮನ್ಯಾಗ ಅದಾವಿಲ್ಲೋ?"

ಕಾಕಾ ತೀರಿಕೊಂಡಾಗ ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಸಾವನ್ನು ಬರೆಸಲು ನಾನೇ ಕಚೇರಿಗೆ ಹೋದೆ. ಆ ಹೆಸರು ತನ್ನದೇ ಎಂದು ತೋರಿಸಲು ಅವನು ಜನ್ಮವಿಡೀ ಕೂಡಿಸಿದ್ದ ದಾಖಲೆಗಳನ್ನೆಲ್ಲ ಚೀಲದಲ್ಲಿ ಹೊತ್ತು ಒಯ್ದಿದ್ದೆ. ಗುಮಾಸ್ತ ಚೀಲದ ಕಡೆ ನೋಡಲೂ ಇಲ್ಲ.

"ಹೆಸರ ಹೇಳ್ರಿ."

ಹೇಳಿದೆ. ಬರೆದುಕೊಂಡ.

"ಪುರಾವೆ ತೋರಸ್ಲೇನ್ರಿ?"

"ಸತ್ತವರಿಗೆ ಎಂಥಾ ಪುರಾವೆರೀ? ಸಹಿ ಮಾಡ್ರಿ," ಎಂದ.