ಅತ್ತೆಯವರು ತಿನ್ನದ ಮಿರ್ಚಿ

ನಾನು ಹುಟ್ಟಿ ಬೆಳೆದದ್ದು ರಾಯಚೂರಿನ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ. ಮನೆಯಲ್ಲಿ ಸಂಧ್ಯಾವಂದನೆ, ಏಕಾದಶಿ ಎಲ್ಲ ಇದ್ದರೂ ಅಪ್ಪನಿಗೆ ಬಾಯಿಚಪಲ. ಸಂಜೆ ಕಚೇರಿಯಿಂದ ಬರುವಾಗ ಆಗಾಗ ಕಾಗದದ ಪೊಟ್ಟಣ ಹಿಡಿದೇ ಬರುತ್ತಿದ್ದರು. ಅದರಲ್ಲಿ ಮಂಡಾಳ ಒಗ್ಗರಣೆ, ಮೇಲೆ ಬಿಸಿ ಮಿರ್ಚಿ ಬಜ್ಜಿ. ಮಂಡಾಳು ಅಂದರೆ ಮಂಡಕ್ಕಿ. ಅದನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಿಸಿ, ಮೇಲೆ ಪುಟಾಣಿ, ಅಂದರೆ ಹುರಿಗಡಲೆ ಹಿಟ್ಟು ಉದುರಿಸಿರುತ್ತಿದ್ದರು. ಪೊಟ್ಟಣದ ಕಾಗದಕ್ಕೆ ಹತ್ತಿದ ಎಣ್ಣೆಯ ವಾಸನೆಗೂ ನಾವು ಅಕ್ಕತಂಗಿಯರು ಜಗಳಾಡುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಮಾನವಿಗೆ ಕೊಟ್ಟರು. ಗಂಡ ಹೈಸ್ಕೂಲಿನಲ್ಲಿ ಮಾಸ್ತರು. ಮಾವನವರು ಗುಡಿಯ ಪೂಜೆ ಮಾಡುವವರು. ಅತ್ತೆಯವರ ಮಡಿ ಎಷ್ಟೆಂದರೆ, ಹೊರಗೆ ಹೋದರೆ ನೀರೂ ಮನೆಯಿಂದಲೇ ತಂಬಿಗೆಯಲ್ಲಿ ಹೋಗಬೇಕು. ಉಳ್ಳಾಗಡ್ಡಿ ಆ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಮಾತು ಕಡಿಮೆ. ಮೊದಲ ವರ್ಷವೆಲ್ಲ ನಾನು ಅವರಿಗೆ ಹೆದರಿಕೊಂಡೇ ಕಳೆದೆ.

ನಾನು ಬಸುರಿಯಾದಾಗ ಅನ್ನ ಕಂಡರೆ ಓಕರಿಕೆ. ತಾಟಿನ ಮುಂದೆ ಕುಳಿತು ಎದ್ದುಬಿಡುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆಯವರು ಬತ್ತಿ ಹೊಸೆಯುತ್ತಾ ಕೇಳಿದರು.

"ಏನು ತಿನಬೇಕನಸ್ತದ ನಿನಗ?"

"ಏನೂ ಇಲ್ರೀ ಅತ್ಯಾ."

"ಬಸುರಿ ಬಾಯಾಗ ಏನೂ ಇಲ್ಲ ಅನ್ನೋ ಮಾತು ಬರಬಾರದು. ಹೇಳು."

ನನಗೆ ಅಳು ಬಂತು. ಅಳುತ್ತಲೇ ಹೇಳಿದೆ. "ಮಿರ್ಚಿರೀ. ಸ್ಟೇಷನ್ ಹತ್ರ ಗಾಡಿ ಮ್ಯಾಲ ಕರೀತಾರಲ್ರೀ, ಅಂಥಾದ್ದು. ಮಂಡಾಳ ಒಗ್ಗರಣಿ ಜೋಡಿ."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬತ್ತಿಯನ್ನು ಪಕ್ಕಕ್ಕಿಟ್ಟು ಯೋಚಿಸಿದರು. "ಹೊರಗಿಂದು ತರಸಲಿಕ್ಕೆ ಬರಂಗಿಲ್ಲ. ಆದರ ಎಣ್ಣಿ ನಮ್ಮನ್ಯಾಗೂ ಅದ, ಕಡ್ಲಿಹಿಟ್ಟೂ ಅದ. ಅದು ಹೆಂಗಿರ್ತದ ಹೇಳು, ನಾ ಮಾಡ್ತೀನಿ."

ಹೇಳುವುದು ಎಷ್ಟು ಕಷ್ಟ ಎಂದು ಆಗಲೇ ತಿಳಿದದ್ದು. ಖಾರ ಇರ್ತದ ಅಂದೆ. ಮೆತ್ತಗಿರ್ತದ, ಆದರೆ ಮೇಲೆ ಗರಿಗರಿ ಅಂದೆ. "ಮೆತ್ತಗೋ, ಗರಿಗರಿಯೋ? ಒಂದು ಹೇಳು," ಅಂದರು. ಮರುದಿನ ಮಾಡಿದರು. ತೆಳ್ಳಗೆ ಹಿಟ್ಟು ಹತ್ತಿದ, ಕಟಕಟ ಎನ್ನುವ ಮೆಣಸಿನಕಾಯಿ. ಹಬ್ಬಕ್ಕೆ ಮಾಡುವ ಬಜ್ಜಿ ಹಾಗೆಯೇ ಇರುತ್ತದೆ. ಮಂಡಾಳಿಗೆ ಇಂಗಿನ ಒಗ್ಗರಣೆ. ಒಲೆಯ ಮುಂದೆ ಕುಳಿತು ಬೆವರಿದ ಅವರ ಮುಖ ನೋಡಿ, "ಹಿಂಗ ಇರ್ತದ್ರೀ ಅತ್ಯಾ, ಥೇಟ್ ಹಿಂಗ," ಅಂದುಬಿಟ್ಟೆ. ಆದರೆ ತಾಟಿನಲ್ಲಿ ಅರ್ಧ ಹಾಗೇ ಉಳಿಯಿತು. ಅವರು ಉಳಿದದ್ದನ್ನು ನೋಡಿದರು.

ಮುಂದಿನ ವಾರ ಪೋತ್ನಾಳದಲ್ಲಿ ಮಾವನವರ ಅಣ್ಣನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅತ್ತೆಯವರೂ ನಾನೂ ಹೋಗಿದ್ದೆವು. ಮರಳಿ ಮಾನವಿಗೆ ಬರಲು ಬಸ್ಸಿಗೆ ಕಾಯುತ್ತಾ ರಸ್ತೆ ಬದಿ ನಿಂತಾಗ, ಎದುರಿಗೆ ತಗಡಿನ ಚಪ್ಪರದ ಕೆಳಗೆ ಒಬ್ಬ ಹೆಂಗಸು ಮಿರ್ಚಿ ಕರಿಯುತ್ತಿದ್ದಳು. ಗದ್ದೆ ಕೆಲಸ ಮುಗಿಸಿ ಬಂದವರು ಸುತ್ತ ನಿಂತಿದ್ದರು. ನಾನು ಆ ಕಡೆ ನೋಡಬಾರದೆಂದು ಮುಖ ತಿರುಗಿಸಿದೆ. ಪಕ್ಕದಲ್ಲಿ ಅತ್ತೆಯವರು ಇರಲಿಲ್ಲ. ಸೆರಗನ್ನು ಬಿಗಿಯಾಗಿ ಹೊದ್ದು, ಆ ಬಾಣಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಿದ್ದರು.

"ಏನ್ ಬೇಕ್ರಿ ಯವ್ವಾ?" ಅಂದಳು ಆಕೆ.

"ಏನೂ ಬ್ಯಾಡವಾ. ನೀ ಮಾಡೋದು ನೋಡ್ಲಿಕತ್ತೀನಿ."

"ತಿನ್ನಾಕ ಬರ್ತಾರ್ರಿ ಎಲ್ಲಾರೂ. ನೋಡಾಕ ಬಂದಾಕಿ ನೀವ ಮೊದಲು," ಎಂದು ಆಕೆ ನಕ್ಕಳು.

"ಹಿಟ್ಟು ಅಷ್ಟು ದಪ್ಪ ಯಾಕ ಕಲಸೀದಿ?"

"ತೆಳ್ಳಗ ಆದ್ರ ಜಾರಿ ಬೀಳ್ತೈತ್ರಿ. ಕೈಲೆ ಬಡದು ಬಡದು ಹಗೂರ ಮಾಡಬೇಕು. ಚಿಟಿಕಿ ಸೋಡಾ, ಒಂದೀಟು ಅಜವಾನ. ಮ್ಯಾಲ ಕಾದ ಎಣ್ಣಿ ಒಂದು ಚಮಚ." ಅಷ್ಟು ಹೇಳಿ ಆಕೆ ಕರಿದ ಮಿರ್ಚಿಯೊಂದನ್ನು ಮುರಿದು, ಒಳಗೆ ಕಾಣುವಂತೆ ಎತ್ತಿ ಹಿಡಿದಳು. "ನೋಡ್ರಿ, ಒಳಗ ಹತ್ತಿ ಹಂಗ ಆಗೈತಿ ಇಲ್ಲ?"

ಅತ್ತೆಯವರು ಬಗ್ಗಿ ನೋಡಿದರು. ಆ ಹೊತ್ತಿಗೆ ಮಾನವಿಯ ಬಸ್ಸು ಬಂದು ನಿಂತಿತು. ನಾನು, "ಅತ್ಯಾ, ಬಸ್ ಬಂತ್ರೀ," ಅಂದೆ. ಅವರು, "ಮತ್ತೊಂದು ಬರ್ತದ ತಗೋ," ಎಂದು ತಿರುಗಿಯೂ ನೋಡಲಿಲ್ಲ. ಬಸ್ಸು ಹೋಯಿತು.

ಮಿರ್ಚಿಯ ಹೆಂಗಸಿನ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿತ್ತು. "ಬಸುರಿ ಹೆಣ್ಮಗಳು ನಿಂತಾಳ, ಕೊಡದ ಹ್ಯಾಂಗ ಇರ್ಲಿರೀ ಯವ್ವಾ? ನಂಗ ಪಾಪ ಬರ್ತೈತಿ," ಎಂದು ಕಾಗದದಲ್ಲಿ ಮಿರ್ಚಿ, ಒಂದು ಹಿಡಿ ಒಗ್ಗರಣೆ ಹಾಕಿ ನನ್ನ ಕಡೆ ಚಾಚಿದಳು. ನಾನು ಅತ್ತೆಯವರ ಮುಖ ನೋಡಿದೆ.

"ನಾ ಆ ಗಿಡದ ಕಡೆ ನಿಂತು ಬಸ್ ನೋಡ್ತೀನಿ," ಅಂದು ಬೇವಿನ ಮರದ ಕಡೆಗೆ ನಡೆದುಬಿಟ್ಟರು. ನಮಗೆ ಬೆನ್ನು ಮಾಡಿ ನಿಂತರು.

ನಾನು ತಿಂದೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಏನೋ.

ಮುಂದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ತುಸು ದೂರ ಬಂದ ಮೇಲೆ ಅತ್ತೆಯವರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು. "ಈಗ ಖರೇ ಹೇಳು. ನಂದಕ್ಕೂ ಅದಕ್ಕೂ ಏನು ಫರಕ?"

"ನಿಮ್ಮದು ತೆಳ್ಳಗ ಇತ್ರೀ. ಇದು ಉಬ್ಬಿತ್ತು."

"ಅದು ಗೊತ್ತಾತು. ಒಗ್ಗರಣ್ಯಾಗ?"

ನಾನು ಕೈಯಲ್ಲಿದ್ದ ತಂಬಿಗೆಯ ಕಡೆ ನೋಡಿದೆ.

"ಉಳ್ಳಾಗಡ್ಡಿ?"

"ಹೂಂ ರೀ," ಅಂದೆ, ಬಲು ಮೆಲ್ಲಗೆ. ಮಾನವಿ ಬರುವವರೆಗೂ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಹೇಳಬಾರದ್ದನ್ನು ಹೇಳಿಬಿಟ್ಟೆನೇನೋ ಎಂದು ನನಗೆ ಒಳಗೊಳಗೇ ಸಂಕಟ.

ಎರಡು ದಿನ ಬಿಟ್ಟು, ಮಾವನವರು ಗುಡಿಗೆ ಹೋದ ಮೇಲೆ, ಅತ್ತೆಯವರು ಹಿತ್ತಿಲಲ್ಲಿ ಕಲ್ಲು ಹೂಡಿ ಒಲೆ ಮಾಡಿದರು. ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ಬಾಣಲೆ ಇಳಿಸಿದರು. ಉಳ್ಳಾಗಡ್ಡಿ ಎಲ್ಲಿಂದ ತರಿಸಿದರೋ, ಕೇಳಲು ನನಗೆ ಧೈರ್ಯವಿರಲಿಲ್ಲ. ಹೆಚ್ಚಲು ನಾನು ಕೈ ಹಾಕಿದರೆ, "ನೀ ಕೂಡು. ವಾಸನಿಗೆ ಮತ್ತ ಓಕರಿಕಿ ಬರ್ತದ," ಎಂದು ತಾವೇ ಹೆಚ್ಚತೊಡಗಿದರು. ಜನ್ಮದಲ್ಲಿ ಮೊದಲ ಸಲ. ಕಣ್ಣೀರು ಧಾರಾಕಾರ. "ಇದನ್ನ ಜನ ಹೆಂಗ ದಿನಾ ಹೆಚ್ಚತಾರವಾ?" ಎಂದು ಮೊಣಕೈಯಿಂದ ಮುಖ ಒರೆಸಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಅವರು ನಕ್ಕದ್ದನ್ನು ನಾನು ಆ ಮನೆಯಲ್ಲಿ ಕಂಡದ್ದು ಅದೇ ಮೊದಲು.

ಹಿಟ್ಟನ್ನು ಬಡಿದು ಬಡಿದು ಕೈ ಸೋತ ಹೊತ್ತಿಗೆ ಮಾವನವರು ಬಂದುಬಿಟ್ಟರು. ಏನೋ ಮರೆತು ಹೋಗಿದ್ದರಂತೆ. ಹಿತ್ತಿಲ ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು.

"ಯಾರ ಮನ್ಯಾಗೋ ಉಳ್ಳಾಗಡ್ಡಿ ಹುರೀಲಿಕತ್ತಾರ."

"ನಮ್ಮನ್ಯಾಗ," ಅಂದರು ಅತ್ತೆಯವರು, ಸವಟನ್ನು ಕೆಳಗಿಡದೆ. "ಬಸುರಿ ಬಯಕಿ."

ಮಾವನವರು ಒಮ್ಮೆ ಒಲೆ ನೋಡಿದರು, ಒಮ್ಮೆ ನನ್ನನ್ನು. ನಾನು ಎದ್ದು ನಿಂತೆ. "ಕೂಡು, ಕೂಡು," ಎಂದು ಕೈಸನ್ನೆ ಮಾಡಿ, "ಹಂಗಾರ ನಾ ಮತ್ತೊಮ್ಮಿ ಜಳಕ ಮಾಡಿ ಹೋಗ್ತೀನಿ," ಎಂದು ಬಚ್ಚಲಿನ ಕಡೆ ನಡೆದರು. ಅಷ್ಟೇ. ಸಂಜೆ ಬಂದವರು ಅತ್ತೆಯವರನ್ನು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು. "ಹೊಟ್ಟಿ ತುಂಬ ತಿಂದ್ಲೇನು?"

ತಿಂದಿದ್ದೆ. ರಾಯಚೂರಿನ ರುಚಿಗೆ ಕೂದಲೆಳೆಯಷ್ಟು ಕಡಿಮೆ ಇರಬಹುದು. ಈ ಸಲ ತಾಟಿನಲ್ಲಿ ಏನೂ ಉಳಿಯಲಿಲ್ಲ.

ಅಂದು ಬಾಣಲೆ ತಿಕ್ಕುತ್ತಾ ನಾನು ಕೇಳಿದೆ. "ಅತ್ಯಾ, ನೀವು ಬಸುರಿದ್ದಾಗ ನಿಮಗೇನು ತಿನಬೇಕನಸಿತ್ರೀ?"

"ನನಗ ಯಾರೂ ಕೇಳಲಿಲ್ಲವಾ," ಅಂದರು. ಆಮೇಲೆ ತಾವೇ ಮುಂದುವರಿಸಿದರು. ಅವರ ತವರು ಗಬ್ಬೂರು. ಚಿಕ್ಕವರಿದ್ದಾಗ ತಂದೆಯ ಜೊತೆ ದೇವದುರ್ಗಕ್ಕೆ ಹೋದರೆ, ಸಂತೆಯ ದಾರಿಯಲ್ಲಿ ಒಂದು ಅಂಗಡಿ. "ಗಾಜಿನ ಭರಣ್ಯಾಗ ಹಳದಿ ಹಳದಿ ಪೆಪ್ಪರಮಿಂಟು. ಬಿಸಿಲು ಬಿದ್ರ ಒಳಗ ದೀಪ ಹಚ್ಚಿದಂಗ ಕಾಣಿಸ್ತಿತ್ತು. ಲಿಂಬಿ ಹುಳಿ ಇರ್ತದಂತ. ಅಂಗಡಿದು ನಮಗ ನಡಿಯಂಗಿಲ್ಲ ಅಂತ ಅಪ್ಪ ಕೈ ಹಿಡಕೊಂಡು ಜಗ್ಗತಿದ್ದ. ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ದಿನಾ ಅದ ನೆನಪು. ಯಾರ ಮುಂದ ಹೇಳಲಿ?"

ನಾನು ಗಂಡನಿಗೆ ಹೇಳಿ ರಾಯಚೂರಿನಿಂದ ತರಿಸಬಹುದಿತ್ತು. ಆದರೆ ಅತ್ತೆಯವರು ಮುಟ್ಟುತ್ತಿರಲಿಲ್ಲ. ಹಾಗಾಗಿ ಮನೆಯಲ್ಲೇ ಮಾಡೋಣವೆಂದೆ. "ಹುಚ್ಚಿ," ಅಂದರು; ಆದರೆ ಸಕ್ಕರೆ ಡಬ್ಬಿ ತಾವೇ ಇಳಿಸಿದರು. ಉಂಡೆಪಾಕದವರೆಗೆ ಅವರಿಗೆ ಗೊತ್ತು, ಅದರಾಚೆ ಇಬ್ಬರಿಗೂ ಕತ್ತಲೆ. ಮೊದಲ ಸಲ ಕೈಬಿಡದೆ ಕಲಕಿದೆವು, ಮರಳಿ ಸಕ್ಕರೆಯೇ ಆಯಿತು. ಮತ್ತೊಂದು ಸಲ ಕಪ್ಪಾಗಿ ಕಹಿಯಾಯಿತು. ಇನ್ನೊಂದು ಸಲ ಅಂಟಾಗಿ ತಾಟಿಗೆ ಹಿಡಿದು ಕುಳಿತಿತು. ಮಾವನವರು ಆ ತಾಟನ್ನು ಬೋರಲು ಹಾಕಿ ತಟ್ಟಿ ನೋಡಿ, "ಇದರಾಗ ಗ್ವಾಡಿ ಕಟ್ಟಬಹುದು," ಅಂದರು.

ಕೊನೆಗೊಮ್ಮೆ ಪಾಕವನ್ನು ಕಲಕದೆ ಕುದಿಯಲು ಬಿಟ್ಟೆವು. ತಣ್ಣೀರಿಗೆ ಬಿಟ್ಟ ಹನಿ ಟಣ್ ಎಂದು ಗಟ್ಟಿಯಾದಾಗ ಇಳಿಸಿ, ನಿಂಬೆರಸ ಹಿಂಡಿ, ತುಪ್ಪ ಸವರಿದ ತಾಟಿಗೆ ಹನಿಹನಿಯಾಗಿ ಬಿಟ್ಟೆವು. ಆರಿದ ಮೇಲೆ ಕಿತ್ತರೆ ಬಂತು. ಒಂದೂ ದುಂಡಗಿರಲಿಲ್ಲ. ಆದರೆ ಬೆಳಕಿಗೆ ಹಿಡಿದರೆ ಹಳದಿಯಾಗಿ ಹೊಳೆಯಿತು.

ಅತ್ತೆಯವರು ದೇವರ ಮುಂದಿಟ್ಟು ಬಂದು, ಹೊಸ್ತಿಲ ಮೇಲೆ ಕುಳಿತು ಒಂದನ್ನು ಬಾಯಿಗೆ ಹಾಕಿಕೊಂಡರು. ಅವರ ಒಂದು ಕೆನ್ನೆ ಉಬ್ಬಿತು. ಪಕ್ಕದ ಮನೆಯಾಕೆ ಬಂದು ಏನೋ ಕೇಳಿದರೆ ಕೈ ಎತ್ತಿ ಆಮೇಲೆ ಎಂಬಂತೆ ಸನ್ನೆ ಮಾಡಿ ಕಳಿಸಿದರು. ಕರಗುವವರೆಗೂ ಕಾದು ನಾನು ಕೇಳಿದೆ. "ಹಿಂಗ ಇತ್ತೇನ್ರೀ ಅದು?"

"ನಾ ತಿಂದಿದ್ರ ಅಲ್ಲೇನವಾ ಗೊತ್ತಾಗೋದು," ಅಂದರು. "ನೀ ತಿಂದೀ, ನೀ ಹೇಳು."

"ಅಂಗಡಿದು ಇನ್ನಾ ಹುಳಿ ಇರ್ತದ್ರೀ," ಎಂದು ನಿಜವನ್ನೇ ಹೇಳಿದೆ. ಅವರು ತಲೆಯಾಡಿಸಿ, ಇನ್ನೊಂದು ತೆಗೆದುಕೊಂಡರು.

ಹೆರಿಗೆಗೆ ತವರಿಗೆ ಹೋಗಿ ಹೆಣ್ಣುಮಗುವಿನೊಡನೆ ಮರಳಿದೆ. ಎಂಬತ್ತರ ದಶಕದ ಮೊದಲಲ್ಲಿ ಮತ್ತೆ ಬಸುರಿಯಾದಾಗ, ವಿಷಯ ಗೊತ್ತಾದ ದಿನವೇ ಅತ್ತೆಯವರು ಬಂದು ಎದುರಿಗೆ ಕುಳಿತರು. "ಈ ಸಲ ಏನು?"

ಆ ಸಲ ನನಗೆ ಯಾವ ಬಯಕೆಯೂ ಇರಲಿಲ್ಲ. ಅನ್ನ ಸಾರೇ ರುಚಿಸುತ್ತಿತ್ತು. ಹಾಗೆಂದು ಹೇಳಿದರೆ ಅವರ ಮುಖ ಸಣ್ಣದಾಯಿತು.

"ಏನರೆ ಇರ್ಲಿಕ್ಕೇಬೇಕು. ಸಾವಕಾಶ ವಿಚಾರ ಮಾಡು."

ಬೇಸಿಗೆ. ಹೊರಗೆ ಕೆಂಡದಂಥ ಬಿಸಿಲು. ಅವರನ್ನು ನೋಡಿ ಏನಾದರೂ ಹೇಳಬೇಕಲ್ಲ ಎಂದು, "ಐಸ್‌ಕ್ಯಾಂಡಿರೀ, ಅತ್ಯಾ," ಅಂದೆ.

ನಮ್ಮ ಮನೆಯಲ್ಲಿ ಫ್ರಿಜ್ಜೇನು, ಕೊಡದ ನೀರೂ ತಣ್ಣಗಿರದ ಕಾಲ. ಅತ್ತೆಯವರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಬಹಳ ಹೊತ್ತು ಯೋಚಿಸಿದರು. ಆಮೇಲೆ ಮಣೆಯನ್ನು ಇನ್ನಷ್ಟು ಹತ್ತಿರ ಸರಿಸಿಕೊಂಡು ಕೇಳಿದರು.

"ಅದು ಹೆಂಗಿರ್ತದ?"